‘ಮುಕ್ತಶಕ್ತಿ’ ಮತ್ತು ‘ಪ್ರಮಾಣಿತ ಸ್ಥಿತಿ’: ಎರಡು ಪಾರಿಭಾಷಿಕ ಪದಗಳ ಅರ್ಥವಿಚಾರ

ಪಾರಿಭಾಷಿಕ ಪದವು ತನ್ನ ಲೋಕರೂಢಿಯ ಅರ್ಥದೊಡನೆಯೇ ಶಾಸ್ತ್ರವನ್ನು ಪ್ರವೇಶಿಸುತ್ತದೆ. ಆ ಅರ್ಥವು ಕೆಲವೊಮ್ಮೆ ಪರಿಕಲ್ಪನೆಗೆ ನೆರವಾದರೆ, ಕೆಲವೊಮ್ಮೆ ಅದನ್ನೇ ಮರೆಮಾಡುತ್ತದೆ. ರಾಸಾಯನಿಕ ಉಷ್ಣಗತಿವಿಜ್ಞಾನದ ‘ಮುಕ್ತಶಕ್ತಿ’ ಹಾಗೂ ‘ಪ್ರಮಾಣಿತ ಸ್ಥಿತಿ’ ಎಂಬ ಪದಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ಅಮೆರಿಕದ ವಿಲ್ಲರ್ಡ್ ಗಿಬ್ಸ್ 1875ರಿಂದ 1878ರ ಅವಧಿಯಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿಚಾರಕ್ಕೆ ತಳಹದಿಯಾಯಿತು. ‘ಮುಕ್ತ’ ಎಂಬ ವಿಶೇಷಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1882ರಲ್ಲಿ ಬಳಸಿದನು. ಕನ್ನಡದಲ್ಲಿ ‘ಮುಕ್ತ’ ಎಂದೊಡನೆ ‘ಬಿಡುಗಡೆಗೊಂಡ’ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಶಾಸ್ತ್ರಾರ್ಥವಾದರೋ ಬೇರೆ: ಸ್ಥಿರ ಉಷ್ಣತೆ ಮತ್ತು ಒತ್ತಡಗಳಲ್ಲಿ, ಹಿಗ್ಗುವಿಕೆಯ ಕೆಲಸವನ್ನು ಬಿಟ್ಟು, ವ್ಯವಸ್ಥೆಯೊಂದರಿಂದ ಪಡೆಯಬಹುದಾದ ಗರಿಷ್ಠ ಕೆಲಸವು ಅದರ ಗಿಬ್ಸ್ ಶಕ್ತಿಯ ಇಳಿಕೆಗೆ ಸಮ. ಅಂತರರಾಷ್ಟ್ರೀಯ ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನ ಒಕ್ಕೂಟವು ‘ಮುಕ್ತ’ವನ್ನು ಕೈಬಿಟ್ಟು ‘ಗಿಬ್ಸ್ ಶಕ್ತಿ’ ಎಂದಷ್ಟೇ ಹೇಳಲು ಶಿಫಾರಸು ಮಾಡಿರುವುದು ಗಮನಾರ್ಹ.

ಎರಡನೆಯ ಪದದ ತೊಡಕು ಇನ್ನೂ ಸೂಕ್ಷ್ಮವಾದುದು. ‘ಪ್ರಮಾಣ’ಕ್ಕೆ ಅಳತೆ, ಆಧಾರ, ಆಣೆ ಎಂಬ ಅರ್ಥಗಳಿವೆ. ಆದ್ದರಿಂದ ‘ಪ್ರಮಾಣಿತ ಮೌಲ್ಯ’ವೆಂದರೆ ಸಾಧಿತವಾದ, ಅಂತಿಮವಾದ ಮೌಲ್ಯವೆಂದು ವಿದ್ಯಾರ್ಥಿ ಭಾವಿಸುವ ಸಾಧ್ಯತೆಯುಂಟು. ವಸ್ತುತಃ ಅದು ಎತ್ತರವನ್ನು ಅಳೆಯಲು ಆರಿಸಿಕೊಂಡ ಸಮುದ್ರಮಟ್ಟದಂತೆ ಒಂದು ಒಪ್ಪಂದ. ಪ್ರಮಾಣಿತ ಒತ್ತಡವು 1 ಬಾರ್ ಆಗಿರಬೇಕೆಂದು ಒಕ್ಕೂಟವು 1982ರಲ್ಲಿ ಶಿಫಾರಸು ಮಾಡಿತು. ಅದಕ್ಕೆ ಮುನ್ನ 1 ವಾಯುಮಂಡಲ ಒತ್ತಡವು ಬಳಕೆಯಲ್ಲಿತ್ತು. ಉಷ್ಣತೆಯು ಈ ನಿರೂಪಣೆಯ ಅಂಗವಲ್ಲ; ಕೋಷ್ಟಕಗಳಲ್ಲಿ 298.15 ಕೆಲ್ವಿನ್ ಕಾಣುವುದು ರೂಢಿಯಿಂದ ಮಾತ್ರ.

ಈ ವ್ಯತ್ಯಾಸವು ಒದ್ದೆ ಬಟ್ಟೆಯೊಂದರಿಂದ ಸ್ಪಷ್ಟವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಆವಿಯಾಗುವುದರ ಪ್ರಮಾಣಿತ ಗಿಬ್ಸ್ ಶಕ್ತಿ ವ್ಯತ್ಯಾಸವು ಮೋಲ್‌ಗೆ ಸುಮಾರು 8.6 ಕಿಲೋಜೂಲ್, ಅಂದರೆ ಧನಾತ್ಮಕ. ಇದನ್ನೇ ತೀರ್ಪೆಂದು ಬಗೆದರೆ ಬಟ್ಟೆ ಒಣಗಲೇಬಾರದು. ಆದರೆ ಆ ಅಂಕಿಯು 1 ಬಾರ್ ಒತ್ತಡದ ಆವಿಗೆ ಸಂಬಂಧಿಸಿದುದು. ಸಾಪೇಕ್ಷ ಆರ್ದ್ರತೆ ಶೇಕಡಾ 50 ಇರುವ ಗಾಳಿಯಲ್ಲಿ ಆವಿಯ ಒತ್ತಡ ಸುಮಾರು 0.016 ಬಾರ್ ಮಾತ್ರ. ಈ ಅಂತರವನ್ನು ಲೆಕ್ಕಕ್ಕೆ ತಂದಾಗ ಸುಮಾರು 10.3 ಕಿಲೋಜೂಲ್ ಕಳೆಯಬೇಕಾಗುತ್ತದೆ. ಉಳಿಯುವುದು ಋಣ 1.7. ಬಟ್ಟೆ ಒಣಗುತ್ತದೆ.

ಹೀಗೆ ಕ್ರಿಯೆಯ ದಿಕ್ಕನ್ನು ನಿರ್ಧರಿಸುವುದು ವಾಸ್ತವ ಸ್ಥಿತಿಯ ಮೌಲ್ಯವೇ ಹೊರತು ಪ್ರಮಾಣಿತ ಮೌಲ್ಯವಲ್ಲ. ‘ಪ್ರಮಾಣಿತ’ ಎಂಬ ವಿಶೇಷಣವನ್ನು ಅನುವಾದಕನು ಅಲಂಕಾರವೆಂದು ಬಿಟ್ಟರೆ ವಾಕ್ಯ ಕೆಡುವುದಿಲ್ಲ, ಶಾಸ್ತ್ರ ಕೆಡುತ್ತದೆ. ಪದಗಳನ್ನು ಬದಲಿಸುವುದಕ್ಕಿಂತ, ‘ಪ್ರಮಾಣಿತ’ ಮತ್ತು ‘ವಾಸ್ತವ’ ಎಂಬ ಜೋಡಿಯನ್ನು ಪಠ್ಯದುದ್ದಕ್ಕೂ ತಪ್ಪದೆ ಪಾಲಿಸುವುದೇ ಹೆಚ್ಚು ಉಪಯುಕ್ತವೆನಿಸುತ್ತದೆ.