ಎಳೆಯ ಮಕ್ಕಳೊಡನೆ ಮನೆಯಲ್ಲಿ ಒಂದು ನಿರಾಳ ವಾರ

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾಗುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವ ಕಾಲವೂ ಅದೇ. ಈ ದಿನಗಳಲ್ಲಿ ತಾಯಂದಿರ ಬಾಯಿಂದ ಎರಡು ಮಾತುಗಳು ಕೇಳಿಬರುತ್ತವೆ. "ಮಗು ಕಲಿತದ್ದನ್ನೆಲ್ಲ ಮರೆತುಬಿಟ್ಟೀತು, ಯಾವುದಾದರೂ ಕ್ಲಾಸಿಗೆ ಹಾಕೋಣವೇ?" ಎಂಬುದು ಒಂದು. "ನಮಗೇ ಓದು ಬಾರದು, ಮನೆಯಲ್ಲಿಟ್ಟುಕೊಂಡು ಏನು ಕಲಿಸೋಣ?" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅವಸರವಿದೆ, ಎರಡನೆಯದರಲ್ಲಿ ಸಂಕೋಚವಿದೆ. ಎರಡಕ್ಕೂ ಉತ್ತರ ಒಂದೇ. ಮೂರರಿಂದ ಎಂಟು ವರ್ಷದ ಮಗುವಿಗೆ ನಿದ್ರೆ, ಆಟ, ಮಾತು, ಕೈಗೆಲಸ ಇವು ನಾಲ್ಕು ಮುಖ್ಯ ಪಾಠಗಳು. ಇವನ್ನು ಕೊಡಲು ತಾಯಿ ತಂದೆಯರು ಅಕ್ಷರಸ್ಥರೇ ಆಗಿರಬೇಕೆಂಬ ನಿಯಮವಿಲ್ಲ.

ಎಳೆಯ ಕೈ, ಎಳೆಯ ಕಣ್ಣು

ನಾಲ್ಕು ವರ್ಷದ ಕೂಸಿನ ಕೈಗೆ ಪೆನ್ಸಿಲು ಕೊಟ್ಟು ಪುಟಗಟ್ಟಲೆ ಕಾಪಿ ಬರೆಸುವ ಮನೆಗಳು ಇಂದು ಹೆಚ್ಚುತ್ತಿವೆ. ದೇಹದ ರಚನೆಯನ್ನು ಬಲ್ಲವರು ಇದನ್ನು ಒಪ್ಪಲಾರರು. ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿವೆ. ಮಗು ಹುಟ್ಟುವಾಗ ಇವು ಮೃದ್ವಸ್ಥಿಯ ರೂಪದಲ್ಲಿದ್ದು, ಮುಂದೆ ವರ್ಷ ಕಳೆದಂತೆ ಒಂದೊಂದಾಗಿ ಎಲುಬಾಗತೊಡಗುತ್ತವೆ. ಕೊನೆಯದು ಎಲುಬಾಗತೊಡಗುವುದು ಸುಮಾರು 9ರಿಂದ 12ನೆಯ ವಯಸ್ಸಿನಲ್ಲಿ. ಬೆರಳಿನ ಸೂಕ್ಷ್ಮ ಸ್ನಾಯುಗಳ ಹಿಡಿತವೂ ನಿಧಾನವಾಗಿಯೇ ಬಲಿಯುತ್ತದೆ. ಆದುದರಿಂದ ಎಳೆಯ ಕೈಗೆ ಮೊದಲು ಬೇಕಾದುದು ಮಣ್ಣು ಮಿದಿಯುವುದು, ಕಾಳು ಆಯುವುದು, ರೊಟ್ಟಿಯ ಹಿಟ್ಟಿನುಂಡೆ ಮಾಡುವುದು. ಇವುಗಳಿಂದ ಪಳಗಿದ ಬೆರಳಿಗೆ ಮುಂದೆ ಬರವಣಿಗೆ ಸುಲಭವಾಗುತ್ತದೆ.

ಕಣ್ಣಿನ ವಿಷಯವೂ ಹಾಗೆಯೇ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಆಟ ಕೊಟ್ಟು ಮೂರು ವರ್ಷ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಎಂದಿನಂತೆ ಕಲಿತ ಮಕ್ಕಳಲ್ಲಿ 100ಕ್ಕೆ ಸುಮಾರು 40 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಹೊರಗೆ ಹೆಚ್ಚು ಆಡಿದವರಲ್ಲಿ ಆ ಸಂಖ್ಯೆ ಸುಮಾರು 30. ಬಯಲಿನ ಬೆಳಕು ಕಣ್ಣಿಗೆ ಹಿತವೆಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿಲ್ಲ.

ನಮ್ಮ ನಾಡಿನ ಶಿಕ್ಷಣವೂ ಈ ಸತ್ಯವನ್ನು ಕಂಡುಕೊಂಡಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತ 'ನಲಿಕಲಿ' ಪದ್ಧತಿಯ ಹೆಸರಿನಲ್ಲಿಯೇ ನಲಿವು ಮೊದಲು, ಕಲಿಕೆ ಅನಂತರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿಯ ಹಂತವೆಂದು ಕರೆದು, ಅಲ್ಲಿ ಆಟದ ಮೂಲಕ ಕಲಿಕೆ ನಡೆಯಲೆಂದು ಹೇಳಿದೆ.

ದಿನಕ್ಕೆ ಮೂರು ಗೂಟ

ನಿರಾಳವೆಂದರೆ ಮಗುವನ್ನು ಬಿಟ್ಟುಬಿಡುವುದೆಂದು ಯಾರೂ ತಿಳಿಯಬಾರದು. ಮೂಲೆಯಲ್ಲಿ ಕೂರಿಸಿ ಕೈಗೆ ಮೊಬೈಲ್ ಕೊಟ್ಟ ಮಗು ಸುಮ್ಮನಿರುತ್ತದೆ, ಆದರೆ ಅದು ನಿರಾಳವಾಗಿಲ್ಲ. ಕರುವಿಗೆ ಗೂಟವಿದ್ದರೂ ಹಗ್ಗ ಉದ್ದವಿರುವಂತೆ, ಮಗುವಿನ ದಿನಕ್ಕೆ ಮೂರು ಗೂಟ ಸಾಕು. ನಡುವಿನ ಹೊತ್ತು ಅದರದೇ.

ಮೊದಲನೆಯದು ನಿದ್ರೆ. 3ರಿಂದ 5 ವರ್ಷದ ಮಗುವಿಗೆ ಹಗಲ ನಿದ್ರೆಯೂ ಸೇರಿ 10ರಿಂದ 13 ಗಂಟೆ, 6 ದಾಟಿದ ಮಗುವಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ದಿನವೆಲ್ಲ ಕಲಿತದ್ದು ಮನಸ್ಸಿನಲ್ಲಿ ನೆಲೆಯೂರಲು ನಿದ್ರೆ ಸಹಾಯಕ. ರಜೆಯಲ್ಲಿಯೂ ಮಲಗುವ, ಏಳುವ ಸಮಯ ಹೆಚ್ಚು ಬದಲಾಗದಿರಲಿ.

ಎರಡನೆಯದು ತಂಪುಹೊತ್ತಿನ ಆಟ. ನಮ್ಮ ಸೀಮೆಯ ಬೇಸಿಗೆಯಲ್ಲಿ ಮುಂಜಾನೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ಮಾತ್ರ ಮಕ್ಕಳು ಬಯಲಿನಲ್ಲಿರಲಿ. ನಡುಹಗಲು ಪಡಸಾಲೆಯ ನೆರಳಿನಲ್ಲಿ ಕಳೆಯಲಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸಲಹೆಯಂತೆ ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ 3 ಗಂಟೆಯಾದರೂ ಮೈ ಚಲಿಸುವಂತೆ ಓಡಾಡಿಕೊಂಡಿರಬೇಕು; ಮೊಬೈಲ್, ಟಿವಿ ನೋಡುವ ಹೊತ್ತು ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳಿತು. ಎರಡು ವರ್ಷದೊಳಗಿನ ಕೂಸಿಗೆ ಅದು ಬೇಡವೇ ಬೇಡ.

ಮೂರನೆಯದು ಒಟ್ಟಿಗೆ ಊಟ. ಕೂಲಿಗೆ, ಹೊಲಕ್ಕೆ ಹೋಗುವ ಮನೆಗಳಲ್ಲಿ ಹಗಲಿಗೆ ಇದು ಸಾಧ್ಯವಾಗದಿದ್ದರೆ ರಾತ್ರಿಯಾದರೂ ಆಗಲಿ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಮೊಸರು ಇರುವ ತಾಟಿನ ಮುಂದೆ ಮಗು ಪದಾರ್ಥಗಳ ಹೆಸರು ಕಲಿಯುತ್ತದೆ, ಹಂಚಿಕೊಳ್ಳುವುದನ್ನೂ ಕಲಿಯುತ್ತದೆ. ಮನೆಯ ಹಿರಿಯರು ಇಷ್ಟಲಿಂಗ ಪೂಜೆಗೆ ಕುಳಿತಾಗ ಮಗು ಬಂದು ಪಕ್ಕದಲ್ಲಿ ಕುಳಿತರೆ ಕುಳಿತಿರಲಿ. ಎದ್ದು ಹೋದರೆ ಗದರಿಸಬೇಡಿ. ಐದು ನಿಮಿಷದ ಮೌನವೂ ಆ ವಯಸ್ಸಿಗೆ ದೊಡ್ಡ ಅಭ್ಯಾಸ.

ವಾರದ ಏಳು ಪಾಠ

ಸೋಮವಾರ: ಆಯುವುದು. ಮೊರದಲ್ಲಿ ಅಕ್ಕಿಯನ್ನೋ ತೊಗರಿಬೇಳೆಯನ್ನೋ ಹರಡಿ, ಕಲ್ಲು, ಕಸ ಬೇರ್ಪಡಿಸಲು ಮಗುವನ್ನು ಜೊತೆಗೆ ಕೂರಿಸಿಕೊಳ್ಳಿ. ಹೆಬ್ಬೆರಳು ತೋರುಬೆರಳುಗಳ ಇದೇ ಹಿಡಿತ ಮುಂದೆ ಲೇಖನಿಯನ್ನು ಹಿಡಿಯುತ್ತದೆ. ಕೈ ಕೆಲಸ ಮಾಡುತ್ತಿರುವಾಗ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿ. ಲಕ್ಕಮ್ಮ, ಮಾರಯ್ಯ ಶರಣದಂಪತಿಗಳ ಮೂಲ ನೆಲೆ ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವೆಂದು ಪ್ರಸಿದ್ಧಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟು ಬೇಡವೆಂದು ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳೆಂಬುದು ಕಥೆ. ಐದು ವರ್ಷದ ಮಗು ಕೇಳಬಹುದು: "ಹೆಚ್ಚು ತಂದರೆ ಒಳ್ಳೆಯದಲ್ಲವೇ?" ಉತ್ತರವನ್ನು ಕೂಡಲೇ ಕೊಡಬೇಡಿ. ಮಗು ಎರಡು ದಿನ ಅದನ್ನು ಮನಸ್ಸಿನಲ್ಲಿ ತಿರುವಿಹಾಕಲಿ.

ಮಂಗಳವಾರ: ಮಣ್ಣು. ನಮ್ಮ ಸೀಮೆಯಲ್ಲಿ ಎರೆಯೂ ಇದೆ, ಮಸಾರಿಯೂ ಇದೆ. ಎರಡರ ಹಿಡಿಯಷ್ಟನ್ನು ತಂದು ನೀರು ಚಿಮುಕಿಸಿ ಮಗುವಿನ ಮುಂದಿಡಿ. ಯಾವುದು ಕೈಗೆ ಅಂಟುತ್ತದೆ, ಯಾವುದು ಬೇಗ ಒಣಗುತ್ತದೆ, ಯಾವುದು ಒಣಗಿದಾಗ ಬಿರಿಯುತ್ತದೆ ಎಂಬುದನ್ನು ಅದೇ ಹೇಳಲಿ. ಮಣ್ಣೆತ್ತಿನ ಅಮಾವಾಸ್ಯೆ ಬರಲು ಇನ್ನೂ ದಿನಗಳಿದ್ದರೂ ಎತ್ತು ಮಾಡಲು ಅಡ್ಡಿಯಿಲ್ಲ. ಎತ್ತಿಗೆ ಮೂರೇ ಕಾಲು ಬಂದರೆ ತಿದ್ದಲು ಹೋಗದಿರಿ. ಅದು ನಿಲ್ಲದೆ ಬಿದ್ದಾಗ ನಾಲ್ಕನೆಯ ಕಾಲಿನ ಅಗತ್ಯವನ್ನು ಮಗುವೇ ಕಾಣುತ್ತದೆ. ಆಟ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದೂ ಪಾಠದ ಭಾಗವೇ.

ಬುಧವಾರ: ಎಣಿಕೆ, ಅಳತೆ. ಮನೆಯಲ್ಲಿ ಹಳೆಯ ಸೇರು, ಪಾವು ಇದ್ದರೆ ಹೊರತೆಗೆಯಿರಿ. ನಾಲ್ಕು ಪಾವು ಜೋಳ ಸುರಿದಾಗ ಒಂದು ಸೇರು ತುಂಬುವುದನ್ನು ಕಣ್ಣಾರೆ ಕಂಡ ಮಗುವಿಗೆ ಕಾಲು, ಅರ್ಧ, ಮುಕ್ಕಾಲು ಎಂಬ ಮಾತುಗಳು ಬಾಯಿಪಾಠವಾಗಿ ಉಳಿಯದೆ ಅನುಭವವಾಗುತ್ತವೆ. ಆರು ದಾಟಿದವರಿಗೆ ಅಳಗುಳಿಮಣೆ ಒಳ್ಳೆಯ ಗಣಿತ. ಹದಿನಾಲ್ಕು ಗುಳಿಗಳಿಗೆ ನಾಲ್ಕರಂತೆ ಹುಣಸೆಬೀಜ ಹಾಕಿದರೆ ಒಟ್ಟು 56. ಬೀಜ ಹಂಚುತ್ತ ಹೋಗುವಾಗ ಕೂಡುವುದು, ಕಳೆಯುವುದು, ಮುಂದಾಲೋಚಿಸುವುದು ಎಲ್ಲವೂ ನಡೆಯುತ್ತವೆ. ಸೋಲನ್ನು ಸಹಿಸುವ ಅಭ್ಯಾಸವೂ ಅಲ್ಲಿಯೇ ಆಗುತ್ತದೆ.

ಗುರುವಾರ: ಮಾತು, ಕಥೆ. ಈ ದಿನದ ಗುರು ಮನೆಯ ಅಜ್ಜಿ ಅಥವಾ ಅಜ್ಜ. ದುಡಿಮೆಗಾಗಿ ತಾಯಿ ತಂದೆ ಗುಳೆ ಹೋದ ಮನೆಗಳಲ್ಲಿ ಮಕ್ಕಳನ್ನು ಕಾಯುವವರೂ ಇವರೇ. ಒಗಟು, ಗಾದೆ, ಕಥೆ, ತಮ್ಮ ಬಾಲ್ಯದ ಬರಗಾಲದ ನೆನಪು, ಇವುಗಳಲ್ಲಿ ಎಷ್ಟು ಪದಗಳಿವೆಯೆಂಬುದು ಹೇಳುವವರಿಗೇ ಗೊತ್ತಿರುವುದಿಲ್ಲ. ಹೆಚ್ಚು ಮಾತು ಕೇಳಿ, ಹೆಚ್ಚು ಮಾತನಾಡಿ ಬೆಳೆದ ಮಗುವಿಗೆ ಮುಂದೆ ಓದಿದ್ದು ಬೇಗ ಅರ್ಥವಾಗುತ್ತದೆ. ಈ ಸೀಮೆಯ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ ಭಾಷೆಗಳಿವೆ; ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಯೂ ಇದೆ. ಯಾವ ಭಾಷೆಯಲ್ಲಿ ಅಜ್ಜಿಗೆ ಕಥೆ ಸಲೀಸಾಗಿ ಬರುತ್ತದೆಯೋ ಅದೇ ಭಾಷೆಯಲ್ಲಿ ಹೇಳಲಿ. ಮನೆಮಾತು ಗಟ್ಟಿಯಾದ ಮಗುವಿಗೆ ಶಾಲೆಯ ಮಾತು ಭಾರವಾಗದು. ಬಸವಾದಿ ಶರಣರು ಅತ್ಯುನ್ನತ ಅನುಭಾವವನ್ನು ದುಡಿಯುವ ಜನರ ಆಡುಮಾತಿನಲ್ಲಿಯೇ ಹೇಳಿದರು. ಆ ಪರಂಪರೆಯಲ್ಲಿ ಹುಟ್ಟಿದ ನಾವು ಅವ್ವನ ಆಡುಮಾತನ್ನು ಕೀಳೆಂದು ಭಾವಿಸುವುದು ಸಲ್ಲದು.

ಶುಕ್ರವಾರ: ನೀರು, ಗಿಡ, ಹಕ್ಕಿ. ಮಗುವಿನ ಕೈಗೊಂದು ಚಿಕ್ಕ ತಂಬಿಗೆ ಕೊಟ್ಟು ತುಳಸಿಗೋ ಕರಿಬೇವಿಗೋ ನೀರು ಹಾಕಿಸಿ. ಮಾಳಿಗೆಯ ಮೇಲೆ ಹಕ್ಕಿಗಳಿಗೆ ಮಣ್ಣಿನ ಪರಟಿಯಲ್ಲಿ ನೀರಿಟ್ಟು, ಸಂಜೆಗೆ ಎಷ್ಟು ಇಳಿದಿದೆಯೆಂದು ನೋಡಲು ಹೇಳಿ. ಹಕ್ಕಿ ಕುಡಿಯಿತೇ, ಬಿಸಿಲು ಕುಡಿಯಿತೇ ಎಂಬ ಪ್ರಶ್ನೆಯಿಂದಲೇ ವಿಜ್ಞಾನ ಆರಂಭವಾಗುತ್ತದೆ. ಮುಚ್ಚಿದ ಪರಟಿಯೊಂದನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರದ ದಾರಿ ಮಗುವಿಗೇ ಸಿಗುತ್ತದೆ.

ಶನಿವಾರ: ಅಕ್ಷರ. ಪುಸ್ತಕವಿಲ್ಲದ ಮನೆಯಲ್ಲಿಯೂ ಅಕ್ಷರಗಳಿವೆ. ಬೇಳೆಯ ಚೀಲ, ಬಸ್ಸಿನ ಫಲಕ, ಅಂಗಡಿಯ ಬೋರ್ಡು, ಮದುವೆಯ ಕರೆಯೋಲೆ, ಇವುಗಳಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಗು ಹುಡುಕಲಿ. ಏಳೆಂಟು ವರ್ಷದ ಮಕ್ಕಳಿದ್ದರೆ ಮುಂಜಾನೆಯ ತಂಪಿನಲ್ಲಿ ಮಸ್ಕಿಯ ಅಶೋಕ ಶಾಸನಕ್ಕೆ ಕರೆದೊಯ್ಯಿರಿ. ಕ್ರಿಸ್ತಪೂರ್ವ 3ನೆಯ ಶತಮಾನದ ಈ ಬಂಡೆಯ ಬರಹವನ್ನು 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಬೆಳಕಿಗೆ ತಂದರು. ಆವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಇತ್ತೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಬಿರುದೂ ಹೆಸರೂ ಒಟ್ಟಿಗೆ ಕಂಡದ್ದು ಇಲ್ಲಿ. ಬ್ರಾಹ್ಮೀ ಲಿಪಿ ಓದಲು ಬಾರದಿದ್ದರೂ ಚಿಂತೆಯಿಲ್ಲ. ಒಂದು ಹೆಸರನ್ನು ಬರೆದಿಟ್ಟರೆ ಎರಡು ಸಾವಿರ ವರ್ಷಗಳ ಮೇಲೂ ಓದಬಹುದೆಂದು ಅಲ್ಲಿ ನಿಂತು ಹೇಳಿ. ಮನೆಗೆ ಬಂದ ಮೇಲೆ ಮಗು ತಾನಾಗಿಯೇ ಸುಣ್ಣದ ಕಡ್ಡಿ ಹಿಡಿದು ತನ್ನ ಹೆಸರು ಬರೆಯಲು ಕುಳಿತರೆ ಆಶ್ಚರ್ಯಪಡಬೇಕಿಲ್ಲ.

ಭಾನುವಾರ: ಬಿಡುವು. ಈ ದಿನ ಏನನ್ನೂ ಯೋಜಿಸಬೇಡಿ. "ಬೇಸರವಾಗಿದೆ" ಎಂದು ಮಗು ಹೇಳಿದರೆ ಅರ್ಧ ಗಂಟೆ ತಾಳಿ. ಆ ಬೇಸರದ ಹೊಟ್ಟೆಯಿಂದಲೇ ಹೊಸ ಆಟವೊಂದು ಹುಟ್ಟುತ್ತದೆ. ಹಳೆಯ ರಟ್ಟಿನ ಡಬ್ಬಿ ಟ್ರ್ಯಾಕ್ಟರ್ ಆಗುವುದು, ಕೌದಿ ಮನೆಯಾಗುವುದು ಇಂಥ ಹೊತ್ತಿನಲ್ಲಿಯೇ.

ಜೋಪಾನದ ಮಾತುಗಳು

ತುಂಗಭದ್ರಾ ಎಡದಂಡೆ ಕಾಲುವೆ ಈ ಸೀಮೆಗೆ ಅನ್ನ ಕೊಟ್ಟಿದೆ, ಆದರೆ ಎಳೆಯ ಮಕ್ಕಳಿಗೆ ಅದು ಅಪಾಯ. ಕಾಲುವೆ, ಕೃಷಿಹೊಂಡ, ತೆರೆದ ಬಾವಿಯ ಬಳಿ ಮಗು ಒಂಟಿಯಾಗಿ ಹೋಗದಂತೆ ನೋಡಿಕೊಳ್ಳಿ. ದೊಡ್ಡ ಮಕ್ಕಳ ಕೈಗೊಪ್ಪಿಸಿ ಕಳುಹಿಸುವುದೂ ಬೇಡ. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳು ಖಾಲಿಯಾದರೂ ಆಟಿಕೆಯಾಗಬಾರದು. ಕಲ್ಲುರಾಶಿ, ಕಟ್ಟಿಗೆಯ ಒಟ್ಟಿಲಲ್ಲಿ ಚೇಳಿರುವ ಕಾಲವಿದು, ಬರಿಗಾಲಿನಲ್ಲಿ ಬಿಡದಿರಿ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಪುಟಾಣಿ ಕೊಡಬೇಡಿ; ಅವು ಶ್ವಾಸನಾಳಕ್ಕೆ ಸಿಲುಕಬಲ್ಲವು. ಶೇಂಗಾ ಹಿಂಡಿಯಾಗಿ ರೊಟ್ಟಿಯೊಡನೆ ಕೊಟ್ಟರೆ ಪುಷ್ಟಿಯೂ ಉಂಟು, ಭಯವೂ ಇಲ್ಲ. ಮೂರು ವರ್ಷದೊಳಗಿನವರು ಕಾಳು, ಬೀಜಗಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವುದುಂಟು. ಅಂಥವರ ಪಕ್ಕದಲ್ಲಿ ಹಿರಿಯರೊಬ್ಬರು ಇರಲೇಬೇಕು.

ಬಿಸಿಲಿನಲ್ಲಿ ನೀರು, ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆಯ ಪಾನಕಗಳನ್ನು ಮಗು ಕೇಳುವ ಮೊದಲೇ ಆಗಾಗ ಕುಡಿಸಿ. ವಾಂತಿ ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕೊಡಿ. ಆರು ತಾಸು ಮೂತ್ರವಾಗದಿರುವುದು, ಅತ್ತರೂ ಕಣ್ಣೀರು ಬಾರದಿರುವುದು, ಮಂಕಾಗಿ ತೂಕಡಿಸುವುದು, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಿರಾಳವಾಗಿ ಜೊತೆಯಿದ್ದಾಗ ಮಗುವಿನ ಕೊರತೆಗಳೂ ಕಣ್ಣಿಗೆ ಬೀಳುತ್ತವೆ. ಎರಡು ವರ್ಷ ದಾಟಿದರೂ ಎರಡು ಪದ ಜೋಡಿಸಿ ಆಡದಿದ್ದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ, ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡುತ್ತಿದ್ದರೆ "ಬೆಳೆದಂತೆ ಸರಿಹೋದೀತು" ಎಂದು ಸುಮ್ಮನಾಗಬೇಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ಮುಂದಿನ ದಾರಿ ತಿಳಿಯುತ್ತದೆ.

ಈ ಏಳು ದಿನಗಳ ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ಲೆಕ್ಕ ಹಾಕಿ ನೋಡಿ: ಒಂದು ಮೊರ, ಎರಡು ಹಿಡಿ ಮಣ್ಣು, ಹಳೆಯ ಸೇರು, ಹುಣಸೆಬೀಜ, ತಂಬಿಗೆ ನೀರು, ಅಜ್ಜಿಯ ನೆನಪು. ಇವುಗಳಲ್ಲಿ ಕೊಂಡು ತರಬೇಕಾದುದು ಯಾವುದೂ ಇಲ್ಲ, ಓದು ಬಾರದ ತಾಯಿಗೆ ನಿಲುಕದ್ದೂ ಯಾವುದೂ ಇಲ್ಲ. ಎಲ್ಲ ದಿನಗಳನ್ನೂ ಇದೇ ಕ್ರಮದಲ್ಲಿ ನಡೆಸಬೇಕೆಂದೇನಿಲ್ಲ. ಮಂಗಳವಾರದ ಎತ್ತು ಬುಧವಾರವೂ ಬೇಕೆಂದು ಮಗು ಹಟ ಹಿಡಿದರೆ ಸೇರು, ಪಾವುಗಳು ಒಂದು ದಿನ ಕಾಯಲಿ. ಮುಂದಿನ ಸೋಮವಾರ ಯಾವ ಪಾಠವೆಂಬುದನ್ನು ಮಗುವನ್ನೇ ಕೇಳಿ ನಿಶ್ಚಯಿಸಿರಿ.