ಬಾಯಿ ನೋಡಿ ಗಾಳ

ನಮ್ಮ ಸಿದ್ದಾಪುರದ ಹುಡುಗರು ಈಚೆಗೆ ಮೊಬೈಲಿನಲ್ಲಿ ಅಮೆರಿಕದ ಗಾರ್ ಮೀನಿನ ಬೇಟೆ ನೋಡುತ್ತಾರೆ. ಮೊಸಳೆಯ ಮೂತಿ, ಆಳೆತ್ತರ ಮೀರಿದ ಮೈ, ಗಾಳ ಕಚ್ಚಿದ ಮೇಲೆ ನೀರೊಡೆದು ಮೇಲೇಳುವ ಆರ್ಭಟ. ನೋಡಿದ ಮೇಲೆ ನನ್ನ ಹತ್ತಿರ ಬಂದು, "ಕಾಕಾ, ನಮ್ಮ ಹೊಳ್ಯಾಗೂ ಈ ಮೀನ ಅದಾವು. ಮೊನ್ನೆ ಕಣ್ಣಾರೆ ನೋಡೀನಿ. ಹಿಡಿಯೂದು ಹ್ಯಾಂಗ?" ಅಂತ ಕೇಳುತ್ತಾರೆ.

ಅವರು ಕಂಡದ್ದು ಗಾರ್ ಅಲ್ಲ, ತುಂಗಭದ್ರೆಯ ಸೂಜಿಮೂತಿ ಮೀನು. ಗಾರ್ ವಂಶದಲ್ಲಿ ಈಗ ಉಳಿದಿರುವುದು ಏಳೇ ಜಾತಿ. ಅವೆಲ್ಲದರ ಮನೆ ಉತ್ತರ ಅಮೆರಿಕ, ಮಧ್ಯ ಅಮೆರಿಕ ಮತ್ತು ಕ್ಯೂಬಾ. ಹಿಂದೊಂದು ಕಾಲದಲ್ಲಿ ನಮ್ಮ ನೆಲದಲ್ಲೂ ಅವು ಇದ್ದವು. ಮಹಾರಾಷ್ಟ್ರದ ಡೋಂಗರಗಾಂವ್‌ನಲ್ಲಿ ಡೈನೋಸಾರ್ ಕಾಲದ ಕಲ್ಲುಗಳಲ್ಲಿ ಗಾರ್ ಮೀನಿನ ಪಳೆಯುಳಿಕೆ ಸಿಕ್ಕಿದೆ. ನಮ್ಮ ಸೂಜಿಮೂತಿ ಬೇರೆ ಕುಲದ್ದು. ಉದ್ದ ಹೆಚ್ಚೆಂದರೆ 40 ಸೆಂಟಿಮೀಟರ್, ಸಾಮಾನ್ಯವಾಗಿ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಇದಕ್ಕೆ 1822ರಲ್ಲಿ ಶಾಸ್ತ್ರೀಯ ಹೆಸರಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿ ಬರೆದ ಬುಕನನ್ ಅವನೇ.

ಕುಲ ಬೇರೆಯಾದರೂ ಹುಡುಗರ ಪ್ರಶ್ನೆಯಲ್ಲಿ ತಿರುಳಿದೆ. ಎರಡೂ ಮೀನಿನ ಬಾಯಿ ಒಂದೇ ಬಗೆಯದು: ಉದ್ದ, ಎಲುಬಿನಷ್ಟು ಗಟ್ಟಿ, ಉದ್ದಕ್ಕೂ ಚೂಪು ಹಲ್ಲು. ಗಾಳ ನೆಡಲು ಮೆತ್ತನೆಯ ಜಾಗವೇ ಇಲ್ಲ. ಇಷ್ಟು ವರ್ಷ ಹೊಳೆ, ಕಾಲುವೆ, ಕೆರೆ ಅಂತ ಕೋಲು ಹಿಡಿದು ಅಲೆದ ಮೇಲೆ ನನಗೆ ಖಚಿತವಾದದ್ದು ಇದು: ಯಾವ ಎರೆ, ಯಾವ ಗಾಳ, ಯಾವಾಗ ಎಳೆಯಬೇಕು ಎಂಬ ಮೂರೂ ಪ್ರಶ್ನೆಗೆ ಉತ್ತರ ಮೀನಿನ ಬಾಯಲ್ಲೇ ಇದೆ. ಇದನ್ನು ನನಗೆ ಮೊದಲು ಹೇಳಿಕೊಟ್ಟವರು ಕಂಪ್ಲಿ ಕಡೆಯ ಒಬ್ಬ ಅಂಬಿಗರ ಹಿರಿಯರು. ಹರಿಗೋಲು ಹಾಕುತ್ತಿದ್ದವರು, ಈಗಿಲ್ಲ. ನನ್ನ ಕೈಯಲ್ಲಿನ ಗಾಳ ನೋಡಿ, "ಇದು ಯಾರ ಬಾಯಿಗೆ ತಂದೀ ತಮ್ಮಾ?" ಅಂತ ಕೇಳಿದ್ದರು. ಆ ಪ್ರಶ್ನೆಯನ್ನು ಈಗಲೂ ಹೊಳೆಗೆ ಹೊರಡುವ ಮುಂಚೆ ನಾನೇ ಕೇಳಿಕೊಳ್ಳುತ್ತೇನೆ.

ಮೊದಲು ನೀರಿನ ಮಾತು. ನಮ್ಮೂರು ಗಂಗಾವತಿ–ರಾಯಚೂರು ರಸ್ತೆಯ ಮೇಲಿದೆ. ದಕ್ಷಿಣಕ್ಕೆ ಹೊಳೆ, ಸುತ್ತ ಭತ್ತದ ಗದ್ದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಈ ಸೀಮೆಯ ಬದುಕನ್ನೇ ಬದಲಿಸಿತು, ಮೀನಿನ ಬದುಕನ್ನೂ ಬದಲಿಸಿತು. ಕಾಲುವೆಗೆ ನೀರು ಬಿಟ್ಟರೆ ಮೀನು ಉಪಕಾಲುವೆ, ತೂಬು, ಗದ್ದೆ, ಬಸಿಗಾಲುವೆ ಎಲ್ಲ ಕಡೆ ಹರಡುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಉಳಿದ ಗುಂಡಿಗಳಿಗೆ ಬಂದು ಸೇರುತ್ತದೆ. ಹೊಳೆಯಲ್ಲಾದರೆ ಮಾರ್ಚ್‌ನಿಂದ ಮೇವರೆಗೆ ನೀರು ತಿಳಿಯಾಗಿ ಬಂಡೆಗಳ ನಡುವಿನ ಮಡುಗಳಲ್ಲಿ ನಿಲ್ಲುತ್ತದೆ. ಸೂಜಿಮೂತಿ ಹಿಡಿಯಲು ಅದೇ ಸಕಾಲ, ಏಕೆಂದರೆ ಅದು ಕಣ್ಣಿನಿಂದ ಬೇಟೆಯಾಡುವ ಮೀನು. ಕೆಂಪು ನೀರು ಬಂತೆಂದರೆ ಹುಡುಕುವುದೇ ಬೇಡ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ ನೀರು ನುಗ್ಗಿತಲ್ಲ, ಅಂಥ ಹೊತ್ತಿನಲ್ಲಿ ದಂಡೆಗೆ ಹೋಗುವುದೇ ತಪ್ಪು.

ಸೂಜಿಮೂತಿ ಇರುವುದು ನೀರಿನ ಮೇಲ್ಮೈಯಲ್ಲಿ, ಮೇಲಿಂದ ನಾಲ್ಕು ಬೆರಳಿನ ಆಳದೊಳಗೆ. ಹಸಿರು ಬೆನ್ನು, ಪಕ್ಕೆಯಲ್ಲಿ ಬೆಳ್ಳಿಗೆರೆ. ಹರಿವಿಗೆ ಎದುರಾಗಿ, ತೇಲುವ ಕಡ್ಡಿಯಂತೆ ಅಲುಗಾಡದೆ ನಿಂತಿರುತ್ತದೆ. ಸೂರ್ಯನ ಬೆಳಕು ನಿಮ್ಮ ಬೆನ್ನಿಗಿದ್ದರೆ ನಿಮ್ಮ ನೆರಳು ಅದರ ಮೇಲೆ ಬಿದ್ದು ಮೀನು ಕ್ಷಣದಲ್ಲಿ ಮಾಯವಾಗುತ್ತದೆ. ಆದ್ದರಿಂದ ಮುಖಕ್ಕೆ ಬಿಸಿಲು ತಗುಲಿದರೂ ಸರಿ, ನೆರಳು ಹಿಂದಕ್ಕೆ ಬೀಳುವಂತೆ ಕೂತುಕೊಳ್ಳಬೇಕು. ಬೆಳಗಿನ ಹೊತ್ತು ಮತ್ತು ಸಂಜೆ ಹೊತ್ತು ಅದು ಸಣ್ಣ ಮೀನಿನ ಹಿಂಡಿನ ಬದಿಯಲ್ಲೇ ಇರುತ್ತದೆ. ಹಿಂಡು ಒಮ್ಮೆಲೇ ಚದುರಿ ನೀರಿನ ಮೇಲೆ ಪುಟಿದರೆ ಅಲ್ಲಿದೆ ಎಂದು ತಿಳಿಯಿರಿ.

ಇದಕ್ಕೆ ಸೀಸದ ಗುಂಡು ಬೇಡವೇ ಬೇಡ. ತೆಳು ತಂಗೂಸಿ, ಚಿಕ್ಕ ಬೆಂಡು, ಬೆಂಡಿನಿಂದ ಒಂದು ಗೇಣು ಕೆಳಗೆ 10 ಅಥವಾ 12ನೇ ನಂಬರಿನ ಸಣ್ಣ ಗಾಳ, ಅಷ್ಟೆ. ಎರೆಹುಳುವನ್ನು ಸೂಜಿಮೂತಿ ಅಷ್ಟಾಗಿ ಲೆಕ್ಕಿಸುವುದಿಲ್ಲ. ಕಾಲುವೆ ಅಂಚಿನ ಹುಲ್ಲಿನಲ್ಲಿ ಸಿಗುವ ಸಣ್ಣ ಸಿಗಡಿ, ಇಲ್ಲವೇ ಬಿಳಿ ಹೊಟ್ಟೆಯ ಸಣ್ಣ ಮೀನಿನ ಪಕ್ಕೆಯಿಂದ ಚರ್ಮ ಸಹಿತ ಸೀಳಿದ ತೆಳ್ಳನೆಯ ಪಟ್ಟಿ, ಇವೆರಡೇ ನನಗೆ ಕೈಕೊಡದ ಎರೆ. ಪಟ್ಟಿಯ ಒಂದು ತುದಿಗೆ ಮಾತ್ರ ಗಾಳ ಚುಚ್ಚಬೇಕು. ಉಳಿದದ್ದು ನೀರಲ್ಲಿ ಬಳುಕುತ್ತಿರಬೇಕು.

ಎಳೆಯುವ ಹೊತ್ತೇ ಎಲ್ಲಕ್ಕಿಂತ ಮುಖ್ಯ. ಸೂಜಿಮೂತಿ ಎರೆಯನ್ನು ಮೊದಲು ಮೂತಿಯ ನಡುವೆ ಅಡ್ಡಲಾಗಿ ಕಚ್ಚಿ ಹಿಡಿಯುತ್ತದೆ. ಬೆಂಡು ಮುಳುಗುವುದಿಲ್ಲ, ಪಕ್ಕಕ್ಕೆ ಜಾರತೊಡಗುತ್ತದೆ. ಆಗ ಎಳೆದರೆ ಗಾಳ ಎಲುಬಿಗೆ ತಾಗಿ ಜಾರಿ ಖಾಲಿ ಬರುತ್ತದೆ. ಮೀನು ಸ್ವಲ್ಪ ದೂರ ಹೋಗಿ, ನಿಂತು, ಎರೆಯನ್ನು ತಿರುಗಿಸಿ ತುದಿಯ ಕಡೆಯಿಂದ ಗಂಟಲಿಗೆ ತೆಗೆದುಕೊಳ್ಳುತ್ತದೆ. ಬೆಂಡು ನಿಂತು ಮತ್ತೆ ಹೊರಟಾಗ ಕೋಲನ್ನು ಮೆಲ್ಲಗೆ ಒಂದೇ ಸಮ ಎತ್ತಬೇಕು, ಜಗ್ಗಬಾರದು. "ಎಳೀಬ್ಯಾಡ ತಮ್ಮಾ, ಅದಕ್ಕ ನುಂಗಾಕ ಪುರಸೊತ್ತು ಕೊಡು" ಅನ್ನುತ್ತಿದ್ದರು ಆ ಹಿರಿಯರು. ಗಾರ್ ಹಿಡಿಯುವ ಅಮೆರಿಕದ ಬೇಟೆಗಾರರೂ ಮಾಡುವುದು ಇದನ್ನೇ. ಮೀನು ಎರೆ ಕಚ್ಚಿ ಓಡುವಷ್ಟು ದೂರ ದಾರ ಬಿಟ್ಟುಕೊಟ್ಟು ಕಾಯುತ್ತಾರೆ.

ಗಾಳವೇ ಇಲ್ಲದೆ ಹಿಡಿಯುವ ಇನ್ನೊಂದು ಉಪಾಯವಿದೆ. ಗಟ್ಟಿ ಬಾಯಿಯ ಈ ಮೀನುಗಳ ಹಲ್ಲನ್ನೇ ಅವುಗಳ ವಿರುದ್ಧ ಬಳಸುವುದು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಬೆಸ್ತರು ಎಲೆಯಿಂದ ಗಾಳಿಪಟ ಮಾಡಿ, ಅದರ ದಾರದ ತುದಿಗೆ ಜೇಡರ ಬಲೆಯನ್ನು ಸುತ್ತಿದ ಉಂಡೆ ಕಟ್ಟಿ, ದೋಣಿಯಿಂದ ಹಾರಿಸುತ್ತಿದ್ದರು. ಉಂಡೆ ಅಲೆಗಳ ಮೇಲೆ ಪುಟಿಯುತ್ತ ಸಾಗುತ್ತದೆ. ಸಮುದ್ರದ ಸೂಜಿಮೂತಿ ಅದನ್ನು ಕಚ್ಚಿದರೆ ಹಲ್ಲು ಬಲೆಯ ಎಳೆಗಳಲ್ಲಿ ಸಿಕ್ಕಿಕೊಂಡು ಬಿಡಿಸಿಕೊಳ್ಳಲಾಗುವುದಿಲ್ಲ. ಅಮೆರಿಕದಲ್ಲಿ ಗಾರ್ ಹಿಡಿಯಲು ನೈಲಾನ್ ಹಗ್ಗದ ತುಂಡನ್ನು ಎಳೆ ಎಳೆ ಬಿಚ್ಚಿ ಕುಚ್ಚು ಮಾಡಿ ಎಳೆಯುತ್ತಾರೆ. ಸಾವಿರಾರು ಮೈಲಿ ದೂರದ ಎರಡು ನಾಡಿನ ಜನ, ಬೇರೆ ಬೇರೆ ಕುಲದ ಎರಡು ಮೀನು, ಬಾಯಿ ಒಂದೇ ಆದ್ದರಿಂದ ಯುಕ್ತಿಯೂ ಒಂದೇ! ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬಿಳಿ ನೈಲಾನಿನ ಬೆರಳುದ್ದದ ಕುಚ್ಚು ಕಟ್ಟಿ ಮಡುವಿನ ಮೇಲ್ಮೈಯಲ್ಲಿ ಎಳೆದು ನೋಡಿದೆ. ನಮ್ಮ ಸೂಜಿಮೂತಿಯೂ ಸಿಕ್ಕಿತು. ಆದರೆ ಒಂದು ಎಚ್ಚರ ಹೇಳಲೇಬೇಕು. ಕುಚ್ಚಿನ ಎಳೆ ಮೂತಿಗೆ ಸುತ್ತಿಕೊಂಡ ಮೀನನ್ನು ಹಾಗೇ ನೀರಿಗೆ ಬಿಟ್ಟರೆ ಅದು ಬಾಯಿ ತೆರೆಯಲಾಗದೆ ಹಸಿವಿನಿಂದ ಸಾಯುತ್ತದೆ. ಸಣ್ಣ ಕತ್ತರಿ ಜೇಬಲ್ಲಿರಲಿ, ಕೊನೆಯ ಎಳೆಯನ್ನೂ ತೆಗೆದೇ ಬಿಡಿ. ದಾರ ಹರಿಯುವಂಥ ಹಳೆಯ ತಂಗೂಸಿಗೆ ಕುಚ್ಚು ಕಟ್ಟಲೇಬೇಡಿ.

ಕೊರಮೀನಿನ ಬಾಯಿ ಬೇರೆ. ಅಗಲ, ದೊಡ್ಡದು, ನುಂಗುವ ಬಾಯಿ. ಅದು ಹೊಂಚಿ ನುಗ್ಗುತ್ತದೆ. ಕೆರೆಯ ತಾವರೆ ಎಲೆ, ಆಪು ಹುಲ್ಲು, ನಿಂತ ಬಸಿಗಾಲುವೆ ಅದರ ಜಾಗ. ಗಾರ್ ಮೀನಿನ ಹಾಗೆ ಇದೂ ಮೇಲೆ ಬಂದು ಗಾಳಿ ಕುಡಿಯುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ಬೇರೆ ಮೀನು ಉಸಿರುಗಟ್ಟಿ ಸಾಯುವ ಕೆಸರು ಗುಂಡಿಯಲ್ಲೂ ಇದು ಬದುಕಿರುತ್ತದೆ. ಕೆರೆಯ ದಂಡೆಯಲ್ಲಿ ಸದ್ದಿಲ್ಲದೆ ಕೂತರೆ 'ಗುಳುಕ್' ಎಂಬ ದನಿ ಕೇಳುತ್ತದೆ, ಗುಳ್ಳೆ ಏಳುತ್ತದೆ. ಅಲ್ಲಿಗೇ ಎರೆ ಹಾಕಬಾರದು, ಅದರ ಆಚೆಗೆ ಹಾಕಿ ಎಲೆಗಳ ಮೇಲಿಂದ ಎಳೆದು ತರಬೇಕು. ಸುತ್ತಲಿನ ಊರುಗಳಲ್ಲಿ ಜೀವಂತ ಕೊರಮೀನಿಗೆ ಒಳ್ಳೆಯ ಬೆಲೆ, ಹಾಗಾಗಿ ಇದರ ಹಿಂದೆ ಬೀಳುವವರು ಬಹಳ.

ಇದಕ್ಕೆ ಜೀವಂತ ಕಪ್ಪೆಯನ್ನು ಚುಚ್ಚುವುದು ಎಲ್ಲರ ರೂಢಿ. ನಾನು ಅದನ್ನು ಒಪ್ಪುವುದಿಲ್ಲ. ಭತ್ತದ ಗದ್ದೆಯ ಹುಳು ತಿನ್ನುವುದು ಕಪ್ಪೆ. ಕಪ್ಪೆ ಕಾಲಿನ ರಫ್ತನ್ನು ನಮ್ಮ ಸರ್ಕಾರ 1987ರಲ್ಲಿ ನಿಲ್ಲಿಸಿದ್ದಕ್ಕೆ ಗದ್ದೆಗಳಲ್ಲಿ ಕಪ್ಪೆ ಕಡಿಮೆಯಾದದ್ದೂ ಒಂದು ಕಾರಣ. ಅಂಗಡಿಯಲ್ಲಿ ಸಿಗುವ ರಬ್ಬರ್ ಕಪ್ಪೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳದ ಮೊನೆ ಮೇಲ್ಮುಖವಾಗಿ ಮೈಗೆ ಅಂಟಿಕೊಂಡಿರುವುದರಿಂದ ಹುಲ್ಲಿಗೂ ಸಿಕ್ಕುವುದಿಲ್ಲ. ಕೊರಮೀನು ಹೊಡೆದ ಕೂಡಲೇ ಎಳೆಯದೆ, ದಾರ ಭಾರವಾದದ್ದು ಕೈಗೆ ತಿಳಿದ ಮೇಲೆ ಜೋರಾಗಿ ಎಳೆಯಬೇಕು. ಸೂಜಿಮೂತಿಗೆ ಮೆಲ್ಲಗೆ, ಇದಕ್ಕೆ ಜೋರಾಗಿ. ಸಡಿಲ ಬಿಟ್ಟರೆ ಬುಡದ ಬೇರಿನೊಳಗೆ ಹೊಕ್ಕು ದಾರ ಕಡಿಯುತ್ತದೆ.

ಮಳೆಗಾಲದಲ್ಲಿ ಕೆಂಪು ಬಣ್ಣದ ಮರಿಗಳ ಹಿಂಡು ನೀರಿನ ಮೇಲೆ ಕುದಿಯುವಂತೆ ಕಂಡರೆ ಅದರ ಕೆಳಗೆ ತಾಯಿತಂದೆ ಕಾವಲಿವೆ. ಅಲ್ಲಿ ಏನು ಎಸೆದರೂ ಅವು ಬಂದು ಕಚ್ಚುತ್ತವೆ, ಹಸಿವಿನಿಂದಲ್ಲ, ಮರಿಗಳನ್ನು ಕಾಯಲು. ಅವನ್ನು ಹಿಡಿದವರು ತಾವು ಜಾಣರೆಂದು ಹೇಳಿಕೊಳ್ಳುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಕಾವಲು ಹೋದ ಆ ಹಿಂಡನ್ನು ಬೇರೆ ಮೀನುಗಳು ನುಂಗಿ ಮುಗಿಸುತ್ತವೆ. ಅಂಥ ಜಾಗದಿಂದ ಕೋಲು ಮಡಚಿಕೊಂಡು ಬೇರೆಡೆ ಹೋಗಿ.

ಬಾಳೆ ಮೀನು ರಾತ್ರಿಯದು. ಬಾಯಿಯ ಸೀಳು ಕಣ್ಣಿನಿಂದ ಹಿಂದಕ್ಕೆ ಹೋಗಿರುತ್ತದೆ, ಒಳಗೆ ಸಣ್ಣ ಹಲ್ಲುಗಳ ಪಟ್ಟಿ. ಮೀಸೆಯಿಂದ ಮೂಸಿ ಹುಡುಕುವ ಮೀನಾದ್ದರಿಂದ ಎರೆಗೆ ವಾಸನೆ ಬೇಕು. ಕೋಳಿ ಅಂಗಡಿಯ ಕರುಳು, ಸೀಳಿದ ಮೀನು, ಸಿಗಡಿಯ ಗೊಂಚಲು ಆದೀತು. ಇಲ್ಲಿ ಸೀಸದ ಗುಂಡು ಬೇಕು, ದಪ್ಪ ದಾರ ಬೇಕು, ಹಲ್ಲಿಗೆ ಕಡಿಯದ ಹಾಗೆ ಗಾಳದ ಹತ್ತಿರ ಒಂದು ಗೇಣು ತಂತಿ ಬೇಕು. ಮಡುವಿನ ಆಳ ಮುಗಿದು ಹರಿವು ಶುರುವಾಗುವ ಕಡೆ ಹಾಕಿ. ಆದರೆ ಈಚೆಗೆ ನಾನು ಬಾಳೆಗೆ ಗಾಳ ಹಾಕುವುದನ್ನು ಬಹಳ ಕಡಿಮೆ ಮಾಡಿದ್ದೇನೆ. ಜಗತ್ತಿನಾದ್ಯಂತ ಜೀವಿಗಳ ಅಳಿವಿನ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆ ಈ ಮೀನನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿದೆ. ಸಿಕ್ಕರೂ ದೊಡ್ಡದನ್ನು ಬಿಡುತ್ತೇನೆ, ಏಕೆಂದರೆ ಮೊಟ್ಟೆ ಹೆಚ್ಚಿಡುವುದು ದೊಡ್ಡದೇ.

ಎಲ್ಲಿ ಹಿಡಿಯಬಾರದು ಎಂಬುದನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಅಣೆಕಟ್ಟಿನಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ. ಅಲ್ಲಿನ ಮೀನು ನೀರುನಾಯಿಗೆ ಬಿಟ್ಟದ್ದು. ಸೇತುವೆಯ ಕೆಳಗಿನ ಹೊಳೆಯಲ್ಲೂ ಕೆರೆಯಲ್ಲೂ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಕೂರಬೇಕು. ಹೊಳೆಯಲ್ಲಿ ಮೊಸಳೆ ಇದೆ, ಬೇಸಿಗೆಯ ಮಡುವಿಗೆ ಸೊಂಟದ ಮಟ್ಟ ಇಳಿಯಬೇಡಿ. ಮುಖ್ಯ ಕಾಲುವೆಯ ಕಾಂಕ್ರೀಟ್ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಜಾರಿದವರು ಮೇಲೆ ಬರುವುದು ಕಷ್ಟ. ಭತ್ತಕ್ಕೆ ಔಷಧಿ ಹೊಡೆದ ದಿನಗಳಲ್ಲಿ ಬಸಿಗಾಲುವೆಯ ಮೀನು ತಿನ್ನಬೇಡಿ. ಸಿಡಿಮದ್ದು, ಬ್ಲೀಚಿಂಗ್ ಪುಡಿ, ಕರೆಂಟು ಬಿಟ್ಟು ಮೀನು ಹಿಡಿಯುವವರ ಜೊತೆ ನನಗೆ ಮಾತೇ ಇಲ್ಲ. ಒಂದು ಸಿಡಿತಕ್ಕೆ ಮಡುವಿನ ಮರಿ, ಮೊಟ್ಟೆ, ಸಿಗಡಿ ಎಲ್ಲ ಹೋಗುತ್ತವೆ. ಆ ಮಡುವಿಗೆ ಮತ್ತೆ ಜೀವ ಬರಲು ಒಂದು ಮಳೆಗಾಲ ಸಾಲದು.

ಕೊನೆಗೆ ಹುಡುಗರು ಕೇಳಿದ ನಿಜವಾದ ಗಾರ್ ವಿಷಯ. ಅದು ನಮ್ಮ ನೀರಿಗೆ ಬರುವುದೇ ಇಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. 2023ರಲ್ಲಿ ಭೋಪಾಲದ ದೊಡ್ಡ ಕೆರೆಯಲ್ಲಿ ಒಂದು ಸಿಕ್ಕಿತು, ಅದೇ ವರ್ಷ ಶ್ರೀನಗರದ ದಾಲ್ ಸರೋವರ ಶುಚಿ ಮಾಡುವಾಗ ಇನ್ನೊಂದು ಸಿಕ್ಕಿತು. ಅಲ್ಲಿಗೆ ಅವು ಈಜಿ ಬಂದವಲ್ಲ. ಗಾಜಿನ ತೊಟ್ಟಿಯಲ್ಲಿ ಸಾಕಲು ಬೆರಳುದ್ದದ ಮರಿ ಕೊಂಡ ಮನೆಯವರು, ಅದು ತೊಟ್ಟಿ ಮೀರಿ ಬೆಳೆದಾಗ ಕೆರೆಗೆ ಬಿಟ್ಟರೆ ಹೀಗಾಗುತ್ತದೆ. ಆ ಜಾತಿಯ ದೊಡ್ಡ ಗಾರ್ ಎಂಟು ಅಡಿ ಮೀರಿ ಬೆಳೆಯುತ್ತದೆ. 2011ರಲ್ಲಿ ಮಿಸಿಸಿಪ್ಪಿಯಲ್ಲಿ ಸಿಕ್ಕಿದ್ದು 327 ಪೌಂಡ್, ಅಂದರೆ ಸುಮಾರು 148 ಕಿಲೋ ತೂಗಿತ್ತು. ನಮ್ಮ ಹೊಳೆಯ ಸೂಜಿಮೂತಿ, ಕೊರಮೀನು, ಗೆಂಡೆ ಅದರೆದುರು ಉಳಿಯುವುದು ಕಷ್ಟ. ಮನೆಯ ತೊಟ್ಟಿಯಲ್ಲಿ ಅಂಥ ಮೀನಿದ್ದರೆ ಹೊಳೆಗೂ ಕೆರೆಗೂ ಬಿಡಬೇಡಿ, ಕೊಂಡ ಅಂಗಡಿಗೇ ಹಿಂದಿರುಗಿಸಿ. ನಿಮ್ಮ ಗಾಳಕ್ಕೆ ಎಂದಾದರೂ ಅಗಲ ಮೂತಿಯ, ಕಲ್ಲಿನಂಥ ಹೊರಮೈಯ ಮೀನು ಬಿದ್ದರೆ ನೀರಿಗೆ ಮರಳಿ ಬಿಡದೆ ಮೀನುಗಾರಿಕೆ ಇಲಾಖೆಗೆ ತಿಳಿಸಿ. ಅದರ ಹೊಟ್ಟೆಯ ಮೊಟ್ಟೆಯನ್ನು ಅಡಿಗೆಗೆ ಬಳಸಬೇಡಿ, ನಾಯಿ ಬೆಕ್ಕಿಗೂ ಹಾಕಬೇಡಿ. ಗಾರ್ ಮೀನಿನ ಮೊಟ್ಟೆ ವಿಷ.