ಬೀಪ್ ಬರುತ್ತಿರುವುದು ಯಾವ ಪೆಟ್ಟಿಗೆಯಿಂದ?

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್ ಕೆಲಸದ ನಡುವೆ ಆಗಾಗ ಬೀಪ್ ಎನ್ನುತ್ತದೆ. ಸ್ಪೀಕರ್ ತೆಗೆದರೂ ನಿಲ್ಲುತ್ತಿಲ್ಲ. ವೈರಸ್ ಇರಬಹುದೇ?

ಉತ್ತರ: ವೈರಸ್ ಬಗ್ಗೆ ಆಮೇಲೆ ಯೋಚಿಸೋಣ. ಮೊದಲು ಮುಖ್ಯವಾದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ನಂತರ ಕಂಪ್ಯೂಟರನ್ನು ಪೂರ್ತಿ ಶಟ್‌ಡೌನ್ ಮಾಡಿ, ಯುಪಿಎಸ್ ಮಾತ್ರ ಆನ್ ಇರಲಿ. ಆಗಲೂ ಸದ್ದು ಬಂದರೆ ಕಂಪ್ಯೂಟರಿನ ತಪ್ಪಿಲ್ಲ, ಯುಪಿಎಸ್ ಕೂಗುತ್ತಿದೆ. ಅದರ ಬ್ಯಾಟರಿ ಸಾಮಾನ್ಯವಾಗಿ ಮೂರು-ನಾಲ್ಕು ವರ್ಷಕ್ಕೆ ಸೋಲುತ್ತದೆ. ಹಾಗಿದ್ದರೆ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಿ, ನೀವೇ ಬಿಚ್ಚಬೇಡಿ.

ಸದ್ದು ಕಂಪ್ಯೂಟರಿನಿಂದಲೇ ಎಂದಾದರೆ, ಅದು ಮದರ್‌ಬೋರ್ಡಿನ ಪುಟ್ಟ ಬಜರ್‌ನದಿರಬಹುದು. ಹೊರಗಿನ ಸ್ಪೀಕರ್ ತೆಗೆದರೂ ಅದು ನಿಲ್ಲುವುದಿಲ್ಲ. ಕೀಬೋರ್ಡಿನ ಯಾವುದಾದರೂ ಕೀ ಒತ್ತಿಕೊಂಡೇ ಇದೆಯೇ ನೋಡಿ. ಬೇರೆ ಕೀಬೋರ್ಡ್ ಹಾಕಿದರೆ ಗೊತ್ತಾಗುತ್ತದೆ. ಆಟ, ವಿಡಿಯೋದಂಥ ಭಾರದ ಕೆಲಸದಲ್ಲೇ ಸದ್ದು ಬಂದರೆ ನನ್ನ ಮೊದಲ ಅನುಮಾನ ಬಿಸಿಯ ಮೇಲೆ. ಬಯೋಸ್ ಪುಟದಲ್ಲಿ ಪ್ರೊಸೆಸರಿನ ತಾಪಮಾನವೂ ಫ್ಯಾನಿನ ವೇಗವೂ ಕಾಣುತ್ತವೆ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಧೂಳು ತೆಗೆಯಿರಿ.

ಆನ್ ಮಾಡಿದ ಕೂಡಲೇ ಬೀಪ್ ಬಂದು ಪರದೆ ಕಪ್ಪಗೇ ಉಳಿದರೆ ವಿಷಯ ಬೇರೆ. ಎಷ್ಟು ಬೀಪ್, ಉದ್ದವೋ ಗಿಡ್ಡವೋ ಎಂಬುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ನಿಮ್ಮ ಮದರ್‌ಬೋರ್ಡಿನ ಕೈಪಿಡಿಯನ್ನೇ ನಂಬಿ. ಹಲವು ಸಲ ರ‍್ಯಾಮ್ ಸಡಿಲವಾಗಿರುತ್ತದೆ. ಪ್ಲಗ್ ಕಿತ್ತು, ಅದನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ.

ಸುಟ್ಟ ವಾಸನೆ ಬಂದರೆ, ಪ್ರೊಸೆಸರಿನ ಫ್ಯಾನ್ ತಿರುಗದಿದ್ದರೆ, ಕಂಪ್ಯೂಟರ್ ತಾನಾಗಿ ಆಫ್ ಆದರೆ ಕೂಡಲೇ ಬಳಕೆ ನಿಲ್ಲಿಸಿ ತಂತ್ರಜ್ಞರಿಗೆ ತೋರಿಸಿ. ರೆಕಾರ್ಡಿಂಗನ್ನೂ ಕೇಳಿಸಿ.